ನೆಗ್ಗು ತೆಗೆಸಿದ ತಪ್ಪು

ಗೆಳೆಯರೇ, ಇಂದು ಚಿಕ್ಕೋಡಿಯ ಗ್ಯಾರೇಜಿಗೆ ವಿಮೆ ಕಂಪನಿಯ ಸರ್ವೇಯರ್ ಬಂದಿದ್ದರು. ಹೋದ ವಾರ ಕಬ್ಬಿನ ಟ್ರೇಲರ್ ಗುದ್ದಿ ನನ್ನ ಕಾರಿನ ಎಡಬದಿಯ ಎರಡೂ ಗಾಲಿಗಳು ಸೊಟ್ಟಗಾಗಿವೆ. ಗಾಡಿ ತಾನಾಗಿ ಕದಲುತ್ತಿಲ್ಲ; ಮನೆಯಂಗಳದಿಂದ ಗ್ಯಾರೇಜಿಗೆ ಎಳೆಸಿಕೊಂಡು ತಂದಿದ್ದೆ.

ಸರ್ವೇಯರ್ ಒಂದು ಸುತ್ತು ಹಾಕಿ, "ಬಾಗಲಕ್ಕ ಒಂದ ಗೀರೂ ಇಲ್ಲಲ್ರಿ ಮಾಲಕರ. ಗಾಡಿಗೆ ಪೆಟ್ಟಿಲ್ಲದ ಬರೇ ಗಾಲಿಗೆ ಕ್ಲೇಮ್ ಬರೂದಿಲ್ಲ" ಎಂದರು.

"ಬಾಗಲಾ ಪೂರಾ ನೆಗ್ಗಿತ್ರಿ ಸಾಹೇಬ್ರ. ತಮ್ಮಗ ಹೆಣ್ಣ ಕೊಡಾವ್ರು ಮನಿ ನೋಡಾಕ ಬರಾವ್ರಿದ್ರು. ಅಂಗಳದಾಗ ಗಾಡಿ ಚಂದ ಕಾಣ್ಲಿ ಅಂತ ನಾನ ನೆಗ್ಗ ತಗಸಿ ಬಣ್ಣಾ ಹೊಡಿಸೇನ್ರಿ."

"ನೆಗ್ಗಿದ್ದರ ಫೋಟೋ ಐತೇನ್ರಿ?"

"ಅದರ ಫೋಟೋ ಯಾರ ತಗಸ್ಕೋತಾರ್ರಿ?"

ಅವರು ಪೆನ್ನು ಮುಚ್ಚಿ ಕಿಸೆಗಿಟ್ಟರು. ಕ್ಲೇಮ್ ಅಲ್ಲಿಗೆ ಮುಗಿಯಿತು.

ಈಗಷ್ಟೇ ಹೆಣ್ಣಿನ ಮನೆಯಿಂದ ಫೋನ್ ಬಂತು. ಗಾಡಿ ಬಹಳ ಹಿಡಿಸಿತಂತೆ, ಹುಡುಗ ಹಿಡಿಸಲಿಲ್ಲವಂತೆ.