ಶರಾಬಂಗಡಿಯ ಬೋರಲು ಲೋಟ

"ಅತ್ತಿಗೆ, ಇವತ್ತೂ ಬರೀ ಧೂಳು ಕುಡಿದು ಬಂದೆ. ಶರಾಬಂಗಡಿ ಹುಡುಕೋಕೆ ಹೋದವನಿಗೆ ಅದಾದ್ರೂ ಸಿಕ್ತಲ್ಲ ಅಂತ ಆ ನಗರಸಭೆ ಗುಮಾಸ್ತ ನಗ್ತಾನೆ. ಏನೇನಿದೆ ಗೊತ್ತಾ ಆ ಹಳೇ ಕಡತಗಳಲ್ಲಿ? ಅಂಗಡಿ ಯಜಮಾನನ ಲೈಸೆನ್ಸು ಇದೆ. ಚರಂಡಿ ಕಟ್ಟಿಸಲಿಲ್ಲ ಅಂತ ಅವನಿಗೆ ಹಾಕಿದ ದಂಡ ಇದೆ. ಅವನು ಸಾಕಿದ ನಾಯಿಗೆ ಕಟ್ಟಿದ ತೆರಿಗೆ ಕೂಡ ಇದೆ, ನಾಯಿ ಬಣ್ಣ ಕಂದು ಅಂತ ಬೇರೆ ಬರೆದಿದಾರೆ. ಬೆಳಿಗ್ಗೆ ಬಾಗಿಲು ತೆಗೆದವನು ನಮ್ಮಪ್ಪ, ರಾತ್ರಿ ಹಾಕಿದವನು ನಮ್ಮಪ್ಪ, ಕುಡುಕರ ವಾಂತಿ ಬಳಿದವನು ನಮ್ಮಪ್ಪ. ಅವನ ಹೆಸರು ಮಾತ್ರ ಎಲ್ಲೂ ಇಲ್ಲ. ನಾಯಿಗಿದ್ದ ಯೋಗ ಅಪ್ಪನಿಗಿಲ್ಲ ನೋಡಿ. ಕಣ್ಣು ಉರೀತಿದೆ. ಒಂಚೂರು ಚಹಾ ಕೊಡ್ತೀರಾ, ಇಲ್ಲಾ ಅದಕ್ಕೂ ಅರ್ಜಿ ಬರೀಬೇಕಾ?"

ಹೀಗೆ ಅಂದವನು ನನ್ನ ಮೈದುನ. ಬೋರ್ಡು ಬರೆಯುವುದು ಅವನ ಕಸುಬು. ಮದುವೆ ಆಗಲಿಲ್ಲ, ನನ್ನ ಯಜಮಾನರು ತೀರಿಕೊಂಡ ಮೇಲೂ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಬಣ್ಣದ ಡಬ್ಬಿಗಳ ಜೊತೆ ಉಳಿದುಕೊಂಡ. ಈಗ ಅಂಗಡಿಯವರೆಲ್ಲ ಪ್ಲಾಸ್ಟಿಕ್ ಮೇಲೆ ಅಚ್ಚು ಹಾಕಿಸಿ ತಂದು ಮೊಳೆ ಹೊಡೆಯುತ್ತಾರೆ. ಕುಂಚ ಹೆಚ್ಚು ದಿನ ಒಣಗಿಯೇ ಇರುತ್ತದೆ. ಹಾಗಿರುವಾಗ ನಗರಸಭೆಯವರು ಕರೆದು, ನಮ್ಮ ಬೀದಿಯ ತುದಿಯ ಗೋಡೆಯ ಮೇಲೆ ಹಿಂದೆ ಎಲ್ಲಿ ಏನಿತ್ತು, ಯಾರಿದ್ದರು ಎಂದು ಬರೆಯುವ ಕೆಲಸ ಕೊಟ್ಟರು. ಷರತ್ತು ಒಂದೇ: ಹಳೆಯ ಕಡತದಲ್ಲಿ ಇರುವ ಹೆಸರು ಮಾತ್ರ ಗೋಡೆಗೆ.

ಬೇಕರಿ, ದರ್ಜಿಯ ಅಂಗಡಿ, ಗಡಿಯಾರ ರಿಪೇರಿ, ಇವೆಲ್ಲ ಸುಲಭವಾಗಿ ಸಿಕ್ಕವು. ಶರಾಬಂಗಡಿಗೆ ಬಂದು ಅವನ ಕೈ ನಿಂತಿತು. ಅದಿದ್ದ ಕಡೆ ಈಗ ಬೈಕು ನಿಲ್ಲಿಸುತ್ತಾರೆ. ನಮ್ಮ ಮಾವ ಅಲ್ಲಿ ಲೋಟ ತುಂಬಿ ಕೊಡುತ್ತಲೇ ಮುದುಕರಾದವರು. ಊರಿನವರ ಹೆಸರೆಲ್ಲ ಬರೆದ ಮೈದುನನಿಗೆ ಅಪ್ಪನ ಹೆಸರನ್ನು ಒಂದು ಸಲ ತನ್ನ ಕೈಯಾರೆ ಬರೆಯುವ ಆಸೆ. ಅದಕ್ಕೇ ಆ ಕಡತಗಳ ಕೋಣೆಗೆ ಅಲೆದು ಅಲೆದು ಸೊರಗಿದ.

ಅವನ ಅಕ್ಕ, ನನ್ನ ನಾದಿನಿ, ಹಿಂದಿನ ಬೀದಿಯಲ್ಲೇ ಇದ್ದಾಳೆ. ಸುದ್ದಿ ಕೇಳಿ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಊರು ಮರೆತಿದೆ ಕಣೋ, ನೀನು ಡಂಗುರ ಹೊಡಿ. ಶರಾಬು ಸುರಿಯೋನ ಮಗಳು ಅಂತ ಸ್ಕೂಲಲ್ಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ನೀನಾಗ ತೊಟ್ಟಿಲಲ್ಲಿ ಕಾಲು ಬಡೀತಿದ್ದೆ."

"ಅಪ್ಪ ಒಂದು ಹನಿ ಬಾಯಿಗಿಟ್ಟವನಲ್ಲ ಅಕ್ಕ."

"ಕುಡಿಸಿದ್ನಲ್ಲ, ಸಾಲ್ದಾ?"

ಮೈದುನ ಎದ್ದು ಕೋಣೆಗೆ ಹೋದ. ನಾನು ಬೇಳೆ ಆರಿಸುತ್ತಾ ಕೂತಿದ್ದೆ. ನನಗೆ ನೆನಪಿದ್ದದ್ದು ಬೇರೆ. ಯಾರಾದರೂ ಕುಡಿದದ್ದು ಸಾಕು ಅನ್ನಿಸಿದರೆ ಮಾವ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನ ಲೋಟ ತೊಳೆದು, ಅವನೆದುರಿಗೇ ಹಲಗೆಯ ಮೇಲೆ ಬೋರಲು ಹಾಕುತ್ತಿದ್ದರು. ಆ ಲೋಟ ಅವತ್ತು ಮತ್ತೆ ಮೇಲೇಳುತ್ತಿರಲಿಲ್ಲ, ಯಜಮಾನ ಗೊಣಗಿದರೂ ಅಷ್ಟೇ. ನಾನು ಹೊಸ ಸೊಸೆಯಾಗಿದ್ದಾಗ ನಲ್ಲಿಯ ಹತ್ತಿರ ಹೆಂಗಸರು, "ನಿಮ್ಮ ಮಾವ ಬೇಗ ಬೋರಲು ಹಾಕಿದ್ರೆ ನಮ್ಮನೇಲಿ ಎಲ್ಲರಿಗೂ ನಿದ್ದೆ ಕಣಮ್ಮ" ಅನ್ನುತ್ತಿದ್ದರು.

ಅಂಗಡಿಯ ಕಾಗದಗಳು ಮುಗಿದ ಮೇಲೆ ಗುಮಾಸ್ತ, ಉಳಿದದ್ದು ಜಗಳದ ಕಾಗದ ಎಂದು ದೂರಿನ ಅರ್ಜಿಗಳ ಕಟ್ಟು ಕೊಟ್ಟನಂತೆ. ಅದರಲ್ಲಿದ್ದ ಒಂದನ್ನು ಮೈದುನ ನಕಲು ಮಾಡಿಕೊಂಡು ಬಂದು ನಮ್ಮಿಬ್ಬರಿಗೂ ಓದಿ ಹೇಳಿದ. "ಹಲಗೆಯ ಹಿಂದಿನ ಮನುಷ್ಯನು, ನಾನು ಎಷ್ಟು ಬೇಡಿದರೂ ಕೊಡದೆ, ಎಲ್ಲರ ಮುಂದೆ ನನ್ನ ಲೋಟವನ್ನು ಬೋರಲು ಹಾಕಿ ಅವಮಾನ ಮಾಡಿದನು. ಹೀಗೆಯೇ ಅನೇಕರಿಗೆ ಮಾಡುತ್ತಿದ್ದಾನೆ. ಅಂಗಡಿಯ ಲೈಸೆನ್ಸು ರದ್ದು ಮಾಡಬೇಕು."

ನಾದಿನಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಇನ್ನೊಂದ್ಸಲ ಓದು."

ಓದಿದ.

"ಹೆಸರು?"

"ಇಲ್ಲ. ಮನುಷ್ಯ ಅಂತ ಇದೆ."

"ಅಷ್ಟಾದ್ರೂ ಅಂದ್ನಲ್ಲ ಆ ಕುಡುಕ," ಎಂದಳು.

ಆ ಅರ್ಜಿ ನಂಬಿ ಮಾವನ ಹೆಸರು ಬರೆಯಲು ಗುಮಾಸ್ತ ಒಪ್ಪಲಿಲ್ಲ. "ಹೆಸರಿಲ್ದೆ ಆಗಲ್ಲ ರೀ. ನಾಳೆ ಇನ್ನೊಬ್ಬ ಬಂದು ಆ ಮನುಷ್ಯ ನಮ್ಮಪ್ಪ ಅಂದ್ರೆ ನಾನೇನ್ ಮಾಡ್ಲಿ?" ಅವನು ಹೇಳಿದ್ದೂ ಸುಳ್ಳಲ್ಲ. ಮೈದುನನಿಗೆ ವಾದ ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ.

ಗೋಡೆ ಬರೆಯುವ ದಿನ ನಾನು ಚಹಾ ತೆಗೆದುಕೊಂಡು ಹೋದೆ. ನಾದಿನಿ ಕರೆಯದೆಯೇ ಬಂದು ಬಿಸಿಲಲ್ಲಿ ನಿಂತಿದ್ದಳು. ಅವನು 'ಶರಾಬಂಗಡಿ' ಎಂದು ಬರೆದ, ಕೆಳಗೆ ಯಜಮಾನನ ಹೆಸರು ಬರೆದ. ಆಮೇಲೆ ಸಣ್ಣ ಕುಂಚ ಹಿಡಿದು ಅದರ ಪಕ್ಕದಲ್ಲಿ ಒಂದು ಲೋಟ ಬರೆದ. ಬೋರಲು ಹಾಕಿದ ಲೋಟ.

ನೋಡಲು ಬಂದ ಗುಮಾಸ್ತ ಕತ್ತು ಓರೆ ಮಾಡಿದ. "ಇದೇನ್ರೀ, ಲೋಟ ತಲೆಕೆಳಗಾಗಿದೆ?"

"ಸರಿಯಾಗೇ ಇದೆ," ನಾದಿನಿ ಬೀದಿಗೆಲ್ಲ ಕೇಳುವ ಹಾಗೆ ಅಂದಳು. "ಈ ಅಂಗಡೀಲಿ ಲೋಟ ಇಡ್ತಿದ್ದವನು ನಮ್ಮಪ್ಪ. ಅವನು ಇಡ್ತಿದ್ದಿದ್ದೇ ಹಾಗೆ."

ಗುಮಾಸ್ತ ಒಂದು ಸಲ ಅವಳನ್ನು, ಒಂದು ಸಲ ಗೋಡೆಯನ್ನು ನೋಡಿದ. "ಚಿತ್ರಕ್ಕೆ ಕಡತ ಕೇಳಿಲ್ಲ ಬಿಡಿ," ಎಂದು ಹೊರಟುಹೋದ.

ಸಂಜೆ ಮೈದುನ ಹೊಸ್ತಿಲ ಮೇಲೆ ಕುಸಿದು ಕೂತ.

"ಹೆಸರು ಬರೆಯೋಕೆ ಆಗ್ಲೇ ಇಲ್ಲ ಅತ್ತಿಗೆ."

"ಇಲ್ಲ," ಎಂದೆ. "ಅಂಗಿ ಬಿಚ್ಚಿ ಕೊಡು. ಬಣ್ಣ ಒಣಗಿದ್ರೆ ಆಮೇಲೆ ಹೋಗಲ್ಲ."

ಅವನು ಗುಂಡಿ ಬಿಚ್ಚಲು ತುಂಬ ಹೊತ್ತು ತೆಗೆದುಕೊಂಡ. ನಾನು ಅಂಗಿಯ ತೋಳಿಗೆ ಹತ್ತಿದ ಬಣ್ಣಕ್ಕೆ ಸೀಮೆಎಣ್ಣೆ ಹಚ್ಚಿ ಉಜ್ಜಿದೆ, ಸೋಪು ಹಾಕಿದೆ, ಬಕೆಟ್ಟಿನಲ್ಲಿ ನೆನೆಯಲು ಬಿಟ್ಟೆ.