ಚೀಟಿಯ ಕೆಳಗಿನ ನಾಲ್ಕು ಸಾಲು

1952ರ ಜುಲೈಯಲ್ಲಿ ಸಿರುಗುಪ್ಪದ ಮಕ್ಕಳ ಕೇಂದ್ರಕ್ಕೆ ಬಳ್ಳಾರಿಯಿಂದ ಹೋದ ಹಾಲಿನ ಪುಡಿ ಪೊಟ್ಟಣದೊಳಗೇ ಗಂಟುಗಟ್ಟಿ ಕೆಟ್ಟಿತ್ತು. ತಪ್ಪು ಹುಲಿಗೆಮ್ಮನದೆಂದು ನಾನು ಪತ್ರಿಕೆಯಲ್ಲಿ ಬರೆದೆ. ತಪ್ಪು ನನ್ನದು. ಬರೆಯುವಾಗಲೇ ಅದು ನನಗೆ ಗೊತ್ತಿತ್ತು.

ಹುಲಿಗೆಮ್ಮ ಕುರುಗೋಡಿನಾಕೆ. ಬಳ್ಳಾರಿಯ ಒಂದು ತಗಡಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಹಾಳೆಯ ಚೀಲಕ್ಕೆ ಪುಡಿ ತುಂಬಿ, ಬಾಯಿಗೆ ಕೆಂಡದ ಇಸ್ತ್ರಿ ಒತ್ತಿ ಅಂಟಿಸುತ್ತಿದ್ದಳು. ಹಾಳೆ ಯುದ್ಧದ ದಾಸ್ತಾನಿನಿಂದ ಹರಾಜಿಗೆ ಬಂದದ್ದು—ಗಾಳಿ, ತೇವ ಒಳಗೆ ಬಿಡದು ಎಂಬ ಹೆಸರು. ಸುರುಳಿಯೊಳಗೆ ಇಂಗ್ಲಿಷ್ ಚೀಟಿಯೊಂದಿತ್ತು. ಮೇ ತಿಂಗಳಲ್ಲಿ ಸುದ್ದಿಗೆಂದು ಹೋದ ನನ್ನ ಕೈಗೆ ಶೆಡ್ಡಿನ ಸಾಹುಕಾರರು ಅದನ್ನು ಕೊಟ್ಟರು. ಅಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಬಸ್ಸಿಗೆ ಹೊತ್ತಾಗಿತ್ತು. ಮೇಲಿನ ಸಾಲು ಓದಿ, "ಬಿಸಿ ಇಸ್ತ್ರಿಗೆ ಅಂಟ್ತೈತಿ. ಗಟ್ಟಿಯಾಗಿ ಒತ್ತವ್ವಾ" ಎಂದು ಹುಲಿಗೆಮ್ಮನಿಗೆ ಹೇಳಿದೆ. ಚೀಟಿ ಜೇಬಿಗೆ ಹಾಕಿಕೊಂಡೇ ಹೊರಟೆ.

ಜುಲೈಯಲ್ಲಿ ಸಿರುಗುಪ್ಪದಲ್ಲಿ ಆ ಪೊಟ್ಟಣಗಳನ್ನು ನೋಡಿದೆ. ಅಂಟಿಸಿದ ಅಂಚು ಕಂದು ತಿರುಗಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಮೂಗಿಗೆ ಆಮ್ಲದ ಘಾಟು. ಆಗ—ಆಗ ಚೀಟಿಯ ಕೆಳಗಿನ ನಾಲ್ಕು ಸಾಲು ಓದಿದೆ. ಬಿಸಿ ತಡೆಯುವ ಮಿಶ್ರಣ ಈ ಹಾಳೆಯಲ್ಲಿ ಕಡಿಮೆ; ಹೆಚ್ಚು ಕಾದರೆ ಆಮ್ಲದ ಹೊಗೆ ಬಿಟ್ಟು ಕೆಡುತ್ತದೆ; ಬೆಚ್ಚಗಿನ ಇಸ್ತ್ರಿಯನ್ನು ಕ್ಷಣಮಾತ್ರ ತಾಗಿಸಿ ತೆಗೆಯಬೇಕು.

"ಆಕಿ ಒದ್ದಿ ಕೈಲೆ ಪುಡಿ ತುಂಬ್ಯಾಳ, ಮತ್ತೇನು?" ಎಂದರು ಬಳ್ಳಾರಿಯಲ್ಲಿ ಸಾಹುಕಾರರು. ಒದ್ದೆ ಕೈಯ ನೀರೇ ಪುಡಿ ಕೆಡಿಸಿತೆಂದು ಬರೆದೆ. ಅವರು ಹೇಳಿದರೆಂದೂ ಬರೆಯಲಿಲ್ಲ—ನಡೆದ ಸಂಗತಿಯೆಂಬಂತೆ ಬರೆದೆ.

ವಾರದೊಳಗೆ ಆಕೆ ಕಚೇರಿಗೆ ಬಂದಳು. ಕೆಲಸ ಹೋಗಿತ್ತು. ಸುಟ್ಟ ಕಲೆಗಳಿದ್ದ ಎರಡೂ ಅಂಗೈಗಳನ್ನು ನನ್ನ ಮೇಜಿನ ಮೇಲೆ ಚಾಚಿದಳು.

"ಅಣ್ಣಾರ, ನೀವು ಹೇಳಿದಂಗ ಒತ್ತೀನಿ. ದಿನವೆಲ್ಲಾ ಕೆಂಡದ ಮುಂದ ಕುಂತಾಕಿ ಕೈ ಒದ್ದಿ ಇರ್ತಾವೇನ್ರಿ? ಅದೊಂದು ಬರೀರಿ. ಇಲ್ಲಂದ್ರ ನನ್ನ ಮಗಳ ಸಾಲಿ ಬಿಡಸಬೇಕಾಕ್ಕೈತಿ."

ಚೀಟಿ ಅದೇ ಮೇಜಿನ ಡ್ರಾಯರಿನಲ್ಲಿತ್ತು—ಆಕೆಯ ಕೈಯಿಂದ ಒಂದು ಗೇಣು ದೂರ.

"ನೋಡೋಣ" ಎಂದೆ.

ನೋಡಲಿಲ್ಲ. ತಿದ್ದುಪಡಿ ಬರೆಯಲು ಎಷ್ಟು ಸಲ ಕುಳಿತೆನೋ. ಮೊದಲ ವಾಕ್ಯದಲ್ಲೇ ನನ್ನ ಹೆಸರು ಬರಬೇಕು—ಅಲ್ಲಿಗೇ ಪೆನ್ನು ನಿಲ್ಲುತ್ತಿತ್ತು. ವರ್ಷಗಳು ಹೋದವು. ಊಟಕ್ಕೆ ಕೂತರೂ ಆ ಅಂಗೈಗಳು—

ಕಳೆದ ತಿಂಗಳು ಚೀಟಿ ಹಿಡಿದು ಕುರುಗೋಡಿಗೆ ಹೋದೆ. ಹುಲಿಗೆಮ್ಮನ ತಂಗಿ ಬಾಗಿಲಲ್ಲೇ ನಿಂತು ಹೇಳಿದಳು:

"ಅಕ್ಕ ಕೆಲಸ ಹೋದ ವರ್ಷಾನ ಮಗಳನ್ನ ಕರಕೊಂಡು ಆದೋನಿಯ ಹತ್ತಿ ಮಿಲ್ಲಿಗೆ ಹೋದ್ಲುರಿ. ಇಬ್ಬರೂ ಅಲ್ಲೇ ದುಡೀತಾರ. ಪೇಪರಿನ ಸುದ್ದಿ ಅಲ್ಲಿಗೂ ಮುಟ್ಟೈತಿ, ಆಕಿನ್ನ 'ಒದ್ದಿಕೈ ಹುಲಿಗಿ' ಅಂತಾರ. ಗೇಟಿನಾಗ ದಿನಾ ಕೈ ಒಣಗ್ಯಾವಂತ ತೋರಿಸೇ ಒಳಗ ಹೋಗಬೇಕಂತ."