ಸಪ್ಪಳ ಅಡಗಿಸಿದ ಮಧ್ಯಾಹ್ನ

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗಿನ ಮಾತು. ಸಮವಸ್ತ್ರದವರ ಒಂದು ತುಕಡಿಯಲ್ಲಿ ನಾನು ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಬಂದೂಕು ಹಾರಿಸುವವನಲ್ಲ. ಹಾರಿಸುವವರ ಬಂದೂಕು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಕೆಟ್ಟಿದ್ದರೆ ಸರಿ ಮಾಡಿಕೊಡುವವನು. ನನ್ನ ಊರು ಮೂಡಲಗಿ. ಮನೆಯಲ್ಲಿ ಹೆಂಡತಿ ಕರೆದರೆ ಮೂರನೆಯ ಸಲಕ್ಕೆ ಓಗೊಡುವಷ್ಟು ಕಿವಿ ಹಾಳಾಗಿತ್ತು. ಮೊದಲೆರಡು ಸಲ ನಾನು ಬೇಕಂತಲೇ ಸುಮ್ಮನಿರುತ್ತೇನೆ ಎಂಬುದು ಅವಳ ವಾದ. ನಿಜ ಹೇಳಬೇಕೆಂದರೆ ಎಡಗಿವಿಯಲ್ಲಿ ಸದಾ ಒಂದು ಸಣ್ಣ ನಾದ ಗುಂಯ್ಗುಡುತ್ತಿತ್ತು, ಗುಡಿಯ ಗಂಟೆ ಬಾರಿಸಿ ಬಿಟ್ಟ ಮೇಲೆ ಉಳಿಯುತ್ತದಲ್ಲ, ಹಾಗೆ. ಗುಂಡಿನ ಸದ್ದಿನಲ್ಲೇ ಬದುಕಿದವರಿಗೆ ನಿವೃತ್ತಿಗೆ ಮೊದಲೇ ಸಿಗುವ ಪೆನ್ಶನ್ ಅದು.

ಆ ವರ್ಷ ನಮ್ಮ ತುಕಡಿಗೆ ಮೊದಲ ಸಪ್ರೆಸರ್ ಕೊಳ್ಳಲು ಮಂಜೂರಾತಿ ಬಂತು. ಜನ ಇದನ್ನು ಸೈಲೆನ್ಸರ್ ಎನ್ನುತ್ತಾರೆ. ರೈಫಲ್ಲಿನ ನಳಿಗೆಯ ತುದಿಗೆ ತಿರುಪಿ ಕೂರಿಸುವ ಲೋಹದ ಕೊಳವೆ ಅದು. ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲ ಅದರೊಳಗೆ ಸುತ್ತಾಡಿ ಸುಸ್ತಾಗಿ ಹೊರಬರುವುದರಿಂದ ಢಂ ಎನ್ನುವ ಸದ್ದು ಕುಗ್ಗುತ್ತದೆ. ಆದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಪೂರ್ತಿ ಮಾಯವಾಗುವುದಿಲ್ಲ. ರೈಫಲ್ಲಿನ ಗುಂಡು ಶಬ್ದಕ್ಕಿಂತ ವೇಗವಾಗಿ ಹಾರುತ್ತದೆ. ಹಾಗೆ ಹಾರುವಾಗ ಗಾಳಿಯಲ್ಲಿ ಚಾಟಿ ಬೀಸಿದಂತೆ ಚಟ್ ಎನ್ನುತ್ತದೆ. ಆ ಸದ್ದನ್ನು ಯಾವ ಕೊಳವೆಯೂ ಅಡಗಿಸಲಾರದು.

ನಮ್ಮಲ್ಲಿ ಎರಡು ಕ್ಯಾಲಿಬರಿನ ರೈಫಲ್ಲುಗಳಿದ್ದವು. ಕ್ಯಾಲಿಬರ್ ಎಂದರೆ ನಳಿಗೆಯ ಒಳಗಿನ ಅಗಲ. ಒಂದು 5.56, ಇನ್ನೊಂದು 7.62 ಮಿಲಿಮೀಟರ್. ಹಣ ಒಂದೇ ಕೊಳವೆಗೆ ಬಂದಿತ್ತು, ಎರಡಕ್ಕೂ ಅದೇ ಆಗಬೇಕು. ಹೊಸದಾಗಿ ಬಂದಿದ್ದ ನಮ್ಮ ಸಾಹೇಬರು 5.56ರ ಸಣ್ಣ ಕೊಳವೆಯ ಮೇಲೆ ಕಣ್ಣಿಟ್ಟಿದ್ದರು. ಹಗುರ, ನೋಡಲೂ ಚಂದ. ನಾನು ದೊಡ್ಡದೇ ಬೇಕೆಂದೆ. ಅಣ್ಣನ ಚಪ್ಪಲಿ ಮೆಟ್ಟಿ ತಮ್ಮ ಹೇಗೋ ನಡೆದಾನು, ತಮ್ಮನ ಚಪ್ಪಲಿಯಲ್ಲಿ ಅಣ್ಣನ ಕಾಲು ಹೋಗುವುದಿಲ್ಲ. ದೊಡ್ಡ ತೂತಿನಲ್ಲಿ ಸಣ್ಣ ಗುಂಡು ಹಾಯ್ದರೆ ಸದ್ದು ತುಸು ಹೆಚ್ಚು ಸೋರುತ್ತದೆ, ಅಷ್ಟೇ. ಸಣ್ಣ ತೂತಿಗೆ ದೊಡ್ಡ ಗುಂಡು ಹೊಡೆದರೆ ಕೊಳವೆಯೇ ಸಿಡಿದು ಹಾರಿಸಿದವನ ಮುಖಕ್ಕೆ ಬರುತ್ತದೆ. ಸಾಹೇಬರು ನಕ್ಕು, ಹಾರಿಸಿಯೇ ನೋಡೋಣ ಎಂದರು. ಮಾದರಿಗೆಂದು ತರಿಸಿದ್ದ ದೊಡ್ಡ ಕೊಳವೆ ತೆಗೆದುಕೊಂಡು ಹೊರಟೆವು.

ಗೋಕಾಕ ದಾಟಿ ಹುಕ್ಕೇರಿಯ ಕಡೆ ಹೋಗುವಾಗ ಕಲ್ಲುಗುಡ್ಡಗಳ ನಡುವೆ ಆಗ ನಮ್ಮ ಗುಂಡು ಹೊಡೆಯುವ ಬಯಲಿತ್ತು. ಒಂದು ತುದಿಯಲ್ಲಿ ನಾವು, ಎದುರು ತುದಿಯಲ್ಲಿ ಗುಂಡು ತಡೆಯುವ ಎತ್ತರದ ಮಣ್ಣಿನ ದಿಬ್ಬ. ದಿಬ್ಬದ ಆಚೆ ಹುಲ್ಲಿನ ಇಳಿಜಾರು, ಅದರಾಚೆ ಗೋಡೆಯಂತೆ ನಿಂತ ಕರಿ ಬಂಡೆ. ಇಳಿಜಾರಿನಲ್ಲಿ ಅಂಕಲಗಿ ಕಡೆಯ ಕುರುಬರು ಕುರಿ ಮೇಯಿಸುತ್ತಿದ್ದರು. ನಾವು ಏರಿಸುವ ಕೆಂಪು ಬಾವುಟ ರಸ್ತೆಯವರಿಗೆ ಕಾಣುತ್ತಿತ್ತು, ಕುರುಬರಿಗೆ ದಿಬ್ಬ ಅಡ್ಡ. ಅವರು ಬಾವುಟ ನಂಬಿದವರೂ ಅಲ್ಲ. ಕಿವಿಯೇ ಅವರ ಕಾಯಿದೆ. ಗುಂಡಿನ ಸದ್ದು ಬಂದ ದಿಕ್ಕಿಗೆ ಬೆನ್ನು ಹಾಕಿ ಕುರಿ ಹೊಡೆದುಕೊಂಡು ಹೋಗುವುದು. ಊಟದ ಹೊತ್ತಿಗೆ ಸದ್ದು ನಿಂತು ಮತ್ತೆ ಕೇಳದಿದ್ದರೆ ಅವತ್ತಿನದು ಮುಗಿಯಿತೆಂದು ಮರಳುವುದು. ಅಪ್ಪ ಅಜ್ಜಂದಿರ ಕಾಲದಿಂದ ಇದು ಎಂದೂ ತಪ್ಪಿರಲಿಲ್ಲ. ನಾವೂ ಇದನ್ನೇ ನಂಬಿ ನಿಶ್ಚಿಂತೆಯಿಂದ ಇದ್ದೆವು.

ಬೆಳಿಗ್ಗೆ ಕೊಳವೆಯಿಲ್ಲದೆ ಎರಡೂ ರೈಫಲ್ ಹಾರಿಸಿ ನೋಡಿದೆವು. ಗುಡ್ಡವೆಲ್ಲ ಗುಡುಗಿತು. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ತಿಂದು, ದೊಡ್ಡ ರೈಫಲ್ಲಿಗೆ ಕೊಳವೆ ಕೂರಿಸಿದೆ. ಹಾರಿಸುವವನು ಬೆಲ್ಲದ ಬಾಗೇವಾಡಿಯ ಬಸವರಾಜ. ನಮ್ಮಲ್ಲೇ ಒಳ್ಳೆಯ ಗುರಿಕಾರ, ನನ್ನನ್ನು ಕಾಕಾ ಎನ್ನುತ್ತಿದ್ದ. ಸದ್ದು ಎಷ್ಟು ಕುಗ್ಗಿದೆ ಎಂದು ಬರಿಗಿವಿಯಲ್ಲಿ ಕೇಳಬೇಕೆಂದು ಸಾಹೇಬರು ಎಲ್ಲರ ಕಿವಿಮುಚ್ಚಿಗೆ ತೆಗೆಸಿದರು.

ಮೊದಲ ಗುಂಡು ಹಾರಿತು. ಬೆಳಗಿನ ಗುಡುಗಿನ ಮುಂದೆ ಅದು ಉಸಿರು ಬಿಟ್ಟಷ್ಟೇ ಎನಿಸಿತು. ದಿಬ್ಬದಲ್ಲಿ ಧೂಳು ಎದ್ದಿತು. ಆಮೇಲೆ ಚಟ್ ಎಂದದ್ದು ನಮ್ಮ ಕಡೆಯಿಂದಲ್ಲ, ದೂರದ ಕರಿ ಬಂಡೆಯ ಕಡೆಯಿಂದ. ಹಾರುವ ಗುಂಡಿನ ಸದ್ದು ಬಂಡೆಗೆ ಬಡಿದು ಮರಳಿತ್ತು; ಅಲ್ಲಿ ಯಾರೋ ಕೂತು ನಮ್ಮತ್ತ ಹಾರಿಸಿದ ಹಾಗಿತ್ತು. ಬೆಳಿಗ್ಗೆ ಮೊದಲ ಸದ್ದಿಗೇ ಹಾರಿಹೋಗಿದ್ದ ಕವುಜುಗ ಹಕ್ಕಿಗಳು ಈಗ ಬಯಲಿನಲ್ಲಿ ಆರಾಮಾಗಿ ಕೆದಕುತ್ತಿದ್ದವು. ಸಾಹೇಬರಿಗೆ ಖುಷಿಯೋ ಖುಷಿ.  ನನಗೆ ಮಾತ್ರ ಇಷ್ಟು ವರ್ಷ ಕಂಡ ಗುಡ್ಡ ಅವತ್ತು ಪರಕೀಯ ಎನಿಸಿತು. ಇಷ್ಟು ದಿನ ನಾವು ಕೂಗುತ್ತಿದ್ದೆವು, ಅದು ಓಗೊಡುತ್ತಿತ್ತು. ಈಗ ನಾವು ಬಾಯಿ ಮುಚ್ಚಿದ್ದೆವು, ಅದು ತಾನಾಗಿ ಮಾತಾಡುತ್ತಿತ್ತು.

ಬಸವರಾಜ ಹಾರಿಸುತ್ತ ಹೋದ. ಪ್ರತಿ ಸಲವೂ ಆ ಬಂಡೆ ಉತ್ತರ ಕೊಟ್ಟಿತು. ನಡುವಿನ ಮೌನದಲ್ಲಿ ನನ್ನ ಎಡಗಿವಿಯ ನಾದ ಎಂದಿಗಿಂತ ಜೋರಾಗಿತ್ತು. ಕೆಲಹೊತ್ತಿನಲ್ಲಿ ಅದು ನಿಂತು ನಿಂತು ಬರತೊಡಗಿತು. ಇಷ್ಟು ವರ್ಷದಲ್ಲಿ ಅದು ಒಮ್ಮೆಯೂ ನಿಂತಿರಲಿಲ್ಲ. ಎಡಗಿವಿ ಬೆರಳಿನಿಂದ ಮುಚ್ಚಿದೆ. ನಾದ ಬಲಗಿವಿಯಲ್ಲೂ ಕೇಳಿತು.

"ನಿಲ್ಲಸೋ ಬಸು," ಎಂದೆ. "ಗಂಟಿ ಕೇಳಾಕತ್ತೈತಿ."

ಬಸವರಾಜ ರೈಫಲ್ಲಿನ ಕುದುರೆಯಿಂದ ಬೆರಳು ತೆಗೆದ. ಸಾಹೇಬರು ನನ್ನ ಮುಖ ನೋಡಿ, ನಿಮ್ಮ ಕಿವಿಯ ಕಥೆ ಎಲ್ಲರಿಗೂ ಗೊತ್ತಲ್ಲ ಎಂದರು. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ನನಗೇ ನನ್ನ ಕಿವಿಯ ಮೇಲೆ ನಂಬಿಕೆ ಇರಲಿಲ್ಲ. ಆದರೂ ರೈಫಲ್ಲಿನ ಮೇಲೆ ಕೈಯಿಟ್ಟುಕೊಂಡು ನಿಂತೆ.

ದಿಬ್ಬದ ನೆತ್ತಿಯ ಮೇಲೆ ಒಂದು ಟಗರಿನ ತಲೆ ಮೂಡಿತು, ಕೊರಳಲ್ಲಿ ಗಂಟೆ. ಅದರ ಹಿಂದೆ ಕುರಿಗಳು. ಅವುಗಳ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ದಿಬ್ಬ ಹತ್ತಿ ಬಂದ. ಅವನ ಕಣ್ಣೆಲ್ಲ ಕರಿ ಬಂಡೆಯ ಮೇಲೆ. ಬೆನ್ನು ನೇರ ನಮ್ಮ ನಳಿಗೆಗೆ. ಅಂಜಿದವನು ಅಪಾಯದಿಂದ ಕಣ್ಣು ಕೀಳದೆ ಹಿಂದೆ ಸರಿಯುತ್ತಾನಲ್ಲ, ಹಾಗೆ ಬಸವರಾಜ ಗುರಿಯಿಟ್ಟಿದ್ದ ಜಾಗದ ತುಸು ಮೇಲೆಯೇ ಬಂದು ನಿಂತ.  ಕೊನೆಗೆ ಅವನೇ ತಿರುಗಿ ನಮ್ಮನ್ನು ನೋಡಿದ.

ಅವನ ಹೆಸರು ಲಗಮಣ್ಣ. ಕೆಳಗೆ ಕರೆದು ಕೂರಿಸಿ ನೀರು ಕೊಟ್ಟೆವು. ಮಧ್ಯಾಹ್ನ ಸದ್ದು ನಿಂತದ್ದರಿಂದ ಮುಗಿಯಿತೆಂದು ಮರಳಿ ಬಂದಿದ್ದನಂತೆ. ಆಮೇಲೆ ಬಂಡೆಯ ಕಡೆಯಿಂದ ಸದ್ದು ಬಂತು; ಹಿರಿಯರು ಹೇಳಿಕೊಟ್ಟಂತೆ ಅದರಿಂದ ದೂರ ಸರಿದ.

"ನೀವು ಅಲ್ಲಿ ಅದೀರಿ ಅಂತ ನಾ ಇಲ್ಲಿ ಬಂದ್ನಿರಿ," ಎಂದ. "ಇಲ್ಲಿ ನೋಡಿದ್ರ ಇಲ್ಲೂ ನೀವ ಅದೀರಿ."

 ಸಾಹೇಬರು ಅವತ್ತು ಮತ್ತೆ ಹಾರಿಸಗೊಡಲಿಲ್ಲ. ಹೊರಡುವಾಗ ಅವರೇ ದಿಬ್ಬದವರೆಗೆ ನಡೆದು ಲಗಮಣ್ಣನನ್ನು ಬಿಟ್ಟು ಬಂದರು.

ದೊಡ್ಡ ಕೊಳವೆಯನ್ನೇ ಕೊಂಡೆವು. ಅದರ ಜೊತೆಗೆ ಒಂದು ನಿಯಮವೂ ಬಂತು. ಸಪ್ರೆಸರ್ ಕೂರಿಸುವ ದಿನ ಇಳಿಜಾರಿಗೆ ಒಬ್ಬ ಕಾವಲುಗಾರ ಹೋಗಬೇಕು. ಬೆಳಿಗ್ಗೆ ಶುರು ಮಾಡುವ ಮುಂಚೆ ಮತ್ತು ಊಟವಾದ ಮೇಲೆ ಕೊಳವೆಯಿಲ್ಲದೆ ಗುಂಡು ಹಾರಿಸಿ ಗುಡ್ಡಕ್ಕೆ ತಿಳಿಸಬೇಕು. ಕ್ಯಾಲಿಬರ್, ತೂಕ, ತಿರುಪು ಎಲ್ಲವನ್ನೂ ಅಳೆದು ಆರಿಸಿದ್ದೆವು. ಯಾವ ಸದ್ದನ್ನು ಅಡಗಿಸುತ್ತೇವೋ ಅದನ್ನು ಕೇಳಿ ಬದುಕುವವರು ಯಾರಾದರೂ ಇದ್ದಾರೆಯೇ ಎಂದು ಮೊದಲು ವಿಚಾರಿಸಬೇಕು ಎಂಬುದನ್ನು ನನ್ನ ಕೆಲಸ ಕಲಿಸಿದ್ದು ಕೊನೆಯ ಎರಡು ವರ್ಷದಲ್ಲಿ.

ನಿವೃತ್ತನಾದ ಮೇಲೆ ಒಮ್ಮೆ ಹುಕ್ಕೇರಿ ಸಂತೆಯಲ್ಲಿ ಲಗಮಣ್ಣ ಸಿಕ್ಕ. ಹೊಸ ನಿಯಮದ ಬಗ್ಗೆ ಹೆಮ್ಮೆಯಿಂದಲೇ ಹೇಳಿದೆ. ಈಗ ಗುಂಡಿನ ಸದ್ದಿಗೆ ಅಂಜಿಕೆ ಇಲ್ಲವಲ್ಲ ಎಂದು ಕೇಳಿದೆ.

"ಸಪ್ಪಳ ಕೇಳಿದ ದಿನಾ ಅಂಜಿಕಿ ಇಲ್ರಿ. ನೀವು ಎಲ್ಲಿ ಅದೀರಿ ಅಂತ ಗೊತ್ತಾಗತೈತಿ," ಎಂದ. "ಏನೂ ಕೇಳದ ದಿನಾ ಆ ಗುಡ್ಡಕ್ಕ ಹೋಗೂದು ಬಿಟ್ಟೇನ್ರಿ."